ನಾಲ್ಕು ಪುಸ್ತಕದ ಒಂದು ಹಾಡು

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ನನ್ನ ಕೆಲಸ ಪತ್ರಿಕೆಗಳನ್ನು ಜೋಡಿಸಿಡುವುದು, ಪುಸ್ತಕ ಒಯ್ದವರ ಹೆಸರು ಬರೆದುಕೊಳ್ಳುವುದು, ರಾತ್ರಿ ಒಂಬತ್ತಕ್ಕೆ ದೀಪ ಆರಿಸಿ ಬೀಗ ಹಾಕುವುದು. ಭಾಷಣ ನನ್ನ ಕೆಲಸವಲ್ಲ. ಈ ತಿಂಗಳು ಮಾತನಾಡಬೇಕಾಗಿದ್ದ ಮಹನೀಯರು ಅವಸರದಿಂದ ಊರಿಗೆ ಹೋದದ್ದರಿಂದ ಕಾರ್ಯದರ್ಶಿಗಳು ನನ್ನನ್ನು ಹಿಡಿದು ನಿಲ್ಲಿಸಿದ್ದಾರೆ. ನಾನು ಸಂಗೀತ ಕಲಿತವನಲ್ಲ. ಮೆಟ್ರಿಕ್‌ವರೆಗೆ ಓದಿ, ಮಿಲ್ಲಿನಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಆದರೂ ಹಾಡಿನ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಮ್ಮ ಮಿಲ್ಲಿನ ನೂಲು ಖಾತೆಯಲ್ಲಿ ಸಿಕಂದರಾಬಾದಿನ ಕಡೆಯ ಒಬ್ಬ ಗೆಳೆಯನಿದ್ದಾನೆ. ತೆಲುಗು ಮಾತಿನವನು, ಕ್ರೈಸ್ತ. ಡಿಸೆಂಬರ್ ತಿಂಗಳು ಬಂತೆಂದರೆ ಪಾಳಿ ಬಿಡುವ ಹೊತ್ತಿನಲ್ಲಿ ಗಂಟಲಿನೊಳಗೇ ಏನನ್ನೋ ಗುನುಗುತ್ತಿರುತ್ತಾನೆ. ಅದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಒಂದೇ ಸ್ವರದ ಮೇಲೆ ಬಹಳ ಹೊತ್ತು ನಿಲ್ಲುತ್ತಾನೆ, ಆಮೇಲೆ ಎರಡು ಮೆಟ್ಟಿಲು ಇಳಿಯುತ್ತಾನೆ, ಮತ್ತೆ ಸುಮ್ಮನಾಗುತ್ತಾನೆ, ಬೆರಳು ಮಡಿಚಿ ಎಣಿಸುತ್ತಾನೆ, ಮತ್ತೆ ಹಿಡಿಯುತ್ತಾನೆ. ಒಂದು ದಿನ ತಡೆಯಲಾರದೆ, ‘ಇದೆಂಥ ಹಾಡಪ್ಪ ನಿನ್ನದು?’ ಎಂದು ಕೇಳಿದೆ. ಅವನು ನಕ್ಕು, ‘ಇದು ಹಾಡಲ್ಲ, ಹಾಡಿನ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಬೇರೆಯವರ ಹತ್ತಿರ ಇದೆ’ ಎಂದ.

ಆ ವರುಷ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಅವನ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಮೂವತ್ತು ಜನ ನಿಂತು ಹಾಡಿದರು. ಹೆಂಗಸರು ಎರಡು ಪಂಗಡ, ಗಂಡಸರು ಎರಡು ಪಂಗಡ. ನನ್ನ ಗೆಳೆಯ ಕೊನೆಯ ಸಾಲಿನಲ್ಲಿ ನಿಂತು ಅದೇ ತಲೆಬುಡವಿಲ್ಲದ್ದನ್ನು ಹಾಡುತ್ತಿದ್ದ. ಆದರೆ ಈಗ ಅದಕ್ಕೆ ಅರ್ಥ ಬಂದಿತ್ತು. ಅವನ ದನಿ ಮನೆಗೆ ತಳಪಾಯ ಹಾಕಿದ ಹಾಗೆ ಕೆಳಗೆ ನಿಂತಿತ್ತು. ಉಳಿದ ಮೂರು ದನಿಗಳು ಅದರ ಮೇಲೆ ಗೋಡೆಯಾಗಿ, ತೊಲೆಯಾಗಿ, ಮಾಡಾಗಿ ಎದ್ದಿದ್ದವು.

ನಮ್ಮಲ್ಲಿಯೂ ಹಲವರು ಸೇರಿ ಹಾಡುವುದುಂಟು. ಭಜನೆ ಉಂಟು, ಸೋಬಾನೆ ಉಂಟು, ಗೀಗೀ ಮೇಳ ಉಂಟು. ಆದರೆ ನಮ್ಮ ಪದ್ಧತಿಯೇ ಬೇರೆ. ಮುಮ್ಮೇಳದವರು ಒಂದು ನುಡಿ ಹಾಡಿದರೆ ಹಿಮ್ಮೇಳದವರು ಅದೇ ನುಡಿಯನ್ನು ಅದೇ ಧಾಟಿಯಲ್ಲಿ ಎತ್ತಿಕೊಳ್ಳುತ್ತಾರೆ. ಕಂಠ ಹತ್ತಾದರೂ ಧಾಟಿ ಒಂದೇ. ನಾನು ಅಂದು ಕೇಳಿದ್ದು ಹಾಗಲ್ಲ. ಅಲ್ಲಿ ಹಿಮ್ಮೇಳವೇ ಇರಲಿಲ್ಲ, ನಾಲ್ಕೂ ಮುಮ್ಮೇಳವೇ. ನಾಲ್ಕು ಧಾಟಿಗಳು ಒಂದೇ ಹೊತ್ತಿಗೆ ನಡೆಯುತ್ತಿದ್ದವು, ಒಂದು ಇನ್ನೊಂದರ ಕಾಲು ತುಳಿಯುತ್ತಿರಲಿಲ್ಲ. ಇದಕ್ಕೆ ಬಹುಕಂಠ ಗಾಯನ ಎನ್ನಬಹುದು.

ಇದು ದೇವರ ಹಾಡಿಗಷ್ಟೇ ಸೇರಿದ ಪದ್ಧತಿಯೋ ಎಂದು ತಿಳಿಯಲು ಪುಸ್ತಕಗಳನ್ನು ಹುಡುಕಿದೆ. ಆಗ ಸಿಕ್ಕಿದ್ದೇ ಇವತ್ತಿನ ವಿಷಯ: ಹದಿನಾರನೆಯ ಶತಮಾನದ ಫ್ರಾನ್ಸ್ ದೇಶದ ಪ್ರೇಮಗೀತೆಗಳು. ಅವರ ಭಾಷೆಯಲ್ಲಿ ಇವುಗಳಿಗೆ ‘ಶಾನ್ಸೊಂ’ ಎಂದು ಹೆಸರು. ಆ ಪದಕ್ಕೆ ಬರಿಯ ‘ಹಾಡು’ ಎಂದೇ ಅರ್ಥ.

ಕಾಲವನ್ನು ನೆನಪಿಟ್ಟುಕೊಳ್ಳಲು ಒಂದು ಸುಲಭ ದಾರಿ ಹೇಳುತ್ತೇನೆ. ನಮ್ಮ ಪುರಂದರದಾಸರ ಕಾಲವನ್ನು 1484ರಿಂದ 1564 ಎಂದು ಹೇಳುವ ರೂಢಿಯಿದೆ. ಈ ಹಾಡುಗಳ ದೊಡ್ಡ ಕರ್ತೃ ಕ್ಲೆಮಾಂ ಜಾನ್ಕೆಂ ಎಂಬಾತ ಹುಟ್ಟಿದ್ದು 1485ರ ಸುಮಾರಿಗೆ, ತೀರಿಕೊಂಡದ್ದು 1558ರಲ್ಲಿ. ದಾಸರು ಹಂಪೆಯಲ್ಲಿ ತಂಬೂರಿ ಹಿಡಿದು ಹಾಡುತ್ತಿದ್ದಾಗ ಈತ ಫ್ರಾನ್ಸಿನ ಊರುಗಳಲ್ಲಿ ಪಾದ್ರಿಯ ಕೆಲಸ ಮಾಡಿಕೊಂಡು ಹಾಡು ಕಟ್ಟುತ್ತಿದ್ದ. ಸುಮಾರು 250 ಹಾಡುಗಳು ಅವನವು. ಕೀರ್ತಿ ಬೇಕಾದಷ್ಟು ಬಂತು, ಹಣ ಮಾತ್ರ ಬರಲಿಲ್ಲ; ಮುಪ್ಪಿನಲ್ಲಿ ಬಡತನವನ್ನೇ ಕಂಡ. ಅವನ ಜೊತೆಯವನು ಕ್ಲೋದ್ಯಾಂ ದ ಸೆರ್ಮಿಸಿ, ರಾಜನ ದೇವಮಂದಿರದಲ್ಲಿ ಸಂಗೀತ ನಡೆಸುತ್ತಿದ್ದವನು. ಆಗಿನ ರಾಜ ಒಂದನೆಯ ಫ್ರಾನ್ಸಿಸ್ ಸ್ವತಃ ಪದ್ಯ ಬರೆಯುತ್ತಿದ್ದ. ಆಸ್ಥಾನದಲ್ಲಿ ಕ್ಲೆಮಾಂ ಮಾರೊ ಎಂಬ ಕವಿಯಿದ್ದ. ಅವನ ಚಿಕ್ಕ ಪದ್ಯಗಳಿಗೆ ಸೆರ್ಮಿಸಿ ನಾಲ್ಕು ಕಂಠದ ಧಾಟಿ ಕೂಡಿಸುತ್ತಿದ್ದ.

ಹಾಡಿನ ವಸ್ತು ನಮಗೆ ಹೊಸದೇನೂ ಅಲ್ಲ. ನಲ್ಲೆ ತಿರುಗಿ ನೋಡಲಿಲ್ಲ ಎಂಬ ಕೊರಗು, ದೂರ ಹೋದವನ ನೆನಪು, ಕೊಟ್ಟ ಮಾತು ಮುರಿದವರ ಮೇಲೆ ಸಿಟ್ಟು, ವಸಂತ ಬಂತೆಂಬ ಸಂತೋಷ. ಕೆಲವು ಹಾಡುಗಳು ಪೋಲಿ ಹಾಸ್ಯದವು, ಅವನ್ನು ಇಲ್ಲಿ ವಿವರಿಸುವುದಿಲ್ಲ. ಜಾನ್ಕೆಂ ಹಕ್ಕಿಗಳ ಮೇಲೆ ಒಂದು ಹಾಡು ಕಟ್ಟಿದ್ದಾನೆ. ಮಲಗಿದ ಹೃದಯಗಳೇ ಏಳಿ ಎಂದು ಕರೆದು, ಆಮೇಲೆ ನಾಲ್ಕೂ ಕಂಠಗಳು ಬಗೆಬಗೆಯ ಹಕ್ಕಿಗಳಾಗಿ ಕೂಗಾಡುತ್ತವೆ. ಇನ್ನೊಂದು ಹಾಡಿನಲ್ಲಿ ಪ್ಯಾರಿಸ್ ಬೀದಿಯ ಮಾರಾಟಗಾರರ ಕೂಗುಗಳನ್ನೇ ಪೋಣಿಸಿದ್ದಾನೆ. ಅದನ್ನು ಕೇಳಿದಾಗ ನನಗೆ ಸುಲ್ತಾನ್ ಬಜಾರಿನ ಸಂಜೆ ನೆನಪಾಯಿತು.

ಹಾಡು ನಡೆಯುವ ರೀತಿಯಲ್ಲಿ ಒಂದು ಸ್ವಾರಸ್ಯವಿದೆ. ಒಂದು ದನಿ ಮಾತನ್ನು ಎತ್ತಿಕೊಳ್ಳುತ್ತದೆ. ಅದು ಎರಡು ಹೆಜ್ಜೆ ಹೋಗುವಷ್ಟರಲ್ಲಿ ಎರಡನೆಯ ದನಿ ಅದೇ ಮಾತನ್ನು ಇನ್ನೊಂದು ಎತ್ತರದಲ್ಲಿ ಹಿಡಿಯುತ್ತದೆ, ಆಮೇಲೆ ಮೂರನೆಯದು, ಆಮೇಲೆ ನಾಲ್ಕನೆಯದು. ‘ನಾನು ನೊಂದೆ’ ಎಂಬ ಒಂದೇ ಮಾತನ್ನು ನಾಲ್ವರು ನಾಲ್ಕು ಗಳಿಗೆಯಲ್ಲಿ ಹೇಳುತ್ತಾರೆ. ಕೇಳುವವನಿಗೆ ದುಃಖ ಒಬ್ಬನದಲ್ಲ, ಮನೆಯವರೆಲ್ಲರದು ಎನಿಸುತ್ತದೆ. ಕೊನೆಗೆ ನಾಲ್ವರೂ ಒಂದೇ ಕಡೆ ಬಂದು ನಿಲ್ಲುತ್ತಾರೆ.

ಇನ್ನು ಪುಸ್ತಕದ ವಿಷಯ. 1501ರಲ್ಲಿ ವೆನಿಸ್ ನಗರದಲ್ಲಿ ಬಹುಕಂಠದ ಹಾಡುಗಳ ಪುಸ್ತಕ ಅಚ್ಚಾಗಿತ್ತು. ಆದರೆ ಅಲ್ಲಿ ಗೆರೆಗಳನ್ನು ಒಮ್ಮೆ, ಸ್ವರದ ಗುರುತುಗಳನ್ನು ಒಮ್ಮೆ ಎಂದು ಒಂದೇ ಹಾಳೆಯನ್ನು ಎರಡು ಮೂರು ಸಲ ಅಚ್ಚಿಗೆ ಕೊಡಬೇಕಾಗಿತ್ತು. ಒಂದು ಕೂದಲೆಳೆ ತಪ್ಪಿದರೂ ಹಾಳೆ ಕೆಟ್ಟಿತು, ಬೆಲೆಯೂ ಹೆಚ್ಚು. ಪ್ಯಾರಿಸಿನ ಪಿಯೆರ್ ಅತೆನ್ಯಾಂ ಎಂಬ ಮುದ್ರಕ ಒಂದೊಂದು ಮೊಳೆಯಲ್ಲಿಯೇ ಸ್ವರದ ಗುರುತನ್ನೂ ಅದರ ಹಿಂದಿನ ಗೆರೆಯ ತುಂಡನ್ನೂ ಕೂಡಿಸಿ ಎರಕ ಹೊಯ್ದ ಅಕ್ಷರಗಳನ್ನು ಬಳಸಿದ. ಮೊಳೆಗಳನ್ನು ಪಕ್ಕಪಕ್ಕ ಜೋಡಿಸಿದರೆ ಗೆರೆ ತಾನಾಗಿ ಕೂಡಿಕೊಳ್ಳುತ್ತದೆ, ಒಂದೇ ಒತ್ತಿಗೆ ಹಾಳೆ ಸಿದ್ಧ. 1528ರಲ್ಲಿ ಅವನು ನಾಲ್ಕು ಕಂಠದ ಹೊಸ ಹಾಡುಗಳ ಪುಸ್ತಕವನ್ನು ಹೊರತಂದ. ಅವನ ಜೀವಮಾನದಲ್ಲಿ ಸಾವಿರಕ್ಕೂ ಮೀರಿದ ಹಾಡುಗಳು ಆ ಅಚ್ಚುಕೂಟದಿಂದ ಹೊರಬಿದ್ದವು. ಕೂಲಿಕಾರನ ಕೈಗೂ ಬಂದವೆಂದು ಹೇಳಲಾರೆ. ಆದರೆ ಅರಮನೆಯಿಂದ ಇಳಿದು ವಕೀಲರ, ವ್ಯಾಪಾರಿಗಳ, ಓದುಬರಹ ಬಲ್ಲ ಪಟ್ಟಣಿಗರ ಮನೆಗೆ ಬಂದದ್ದು ನಿಜ. ಊಟವಾದ ಮೇಲೆ ಮನೆಯವರೂ ನೆಂಟರೂ ಮೇಜಿನ ಸುತ್ತ ಕುಳಿತು ಹಾಡಿಕೊಳ್ಳುವ ಹಾಡಾಯಿತು.

‘ಪುಸ್ತಕ’ ಎಂದೆ. ನಿಜವಾಗಿ ಅದು ಒಂದು ಪುಸ್ತಕವಲ್ಲ, ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ನಾಲ್ಕು ಅಡ್ಡ ಪುಸ್ತಕಗಳು. ಮೇಲುದನಿಯವರಿಗೆ ಒಂದು, ಅದರ ಕೆಳಗಿನ ಎರಡು ದನಿಗಳಿಗೆ ಒಂದೊಂದು, ತಗ್ಗಿನ ದನಿಗೆ ಒಂದು. ಒಬ್ಬೊಬ್ಬರ ಪುಸ್ತಕದಲ್ಲಿ ಅವರವರ ಪಾಲು ಮಾತ್ರ ಇರುತ್ತದೆ. ಪೂರ್ತಿ ಹಾಡು ಯಾರ ಕೈಯಲ್ಲಿಯೂ ಇಲ್ಲ. ಈಗಿನ ಹಾಗೆ ತಾಳ ತೋರಿಸುವ ಅಡ್ಡಗೆರೆಗಳೂ ಅಲ್ಲಿ ಇಲ್ಲ. ಸುಮ್ಮನಿರಬೇಕಾದ ಕಡೆ ಎಣಿಸುತ್ತ, ಉಳಿದ ಮೂವರಿಗೆ ಕಿವಿಗೊಟ್ಟು ಕುಳಿತಿರಬೇಕು. ನನ್ನ ಗೆಳೆಯ ಬೆರಳು ಮಡಿಚಿ ಎಣಿಸುತ್ತಿದ್ದನಲ್ಲ, ಅದೇ ಕೆಲಸ. ನಾಲ್ವರೂ ಬಂದರೆ ಹಾಡು. ಮೂವರೇ ಬಂದರೆ ಊನ.

ಈ ಏರ್ಪಾಟಿನಲ್ಲಿ ಒಂದು ಅಪಾಯವೂ ಇತ್ತು. ನಾಲ್ಕು ಪುಸ್ತಕಗಳಲ್ಲಿ ಒಂದನ್ನು ಇಲಿ ತಿಂದರೂ, ಯಾರಾದರೂ ಒಯ್ದು ಮರಳಿ ಕೊಡದಿದ್ದರೂ ಉಳಿದ ಮೂರು ಕುಂಟಾದವು. (ಇದನ್ನು ನಮ್ಮ ವಾಚನಾಲಯದ ಪುಸ್ತಕ ಒಯ್ದವರು ಗಮನಿಸಬೇಕು.) ಯುರೋಪಿನ ಭಂಡಾರಗಳಲ್ಲಿ ಒಂದು ದನಿ ಕಳೆದುಹೋದ ಇಂಥ ಜೋಡಿಗಳು ಹಲವಿವೆ.

1600ರ ಹೊತ್ತಿಗೆ ರುಚಿ ಬದಲಾಯಿತು. ತಂತಿವಾದ್ಯದ ಜೊತೆಗೆ ಒಬ್ಬರೇ ಹಾಡುವ ಹೊಸ ಬಗೆ ಬಂತು, ನಾಲ್ಕು ಕಂಠದ ಹಾಡು ಮೂಲೆಗೆ ಸೇರಿತು. ಹತ್ತಿರ ಹತ್ತಿರ ಮುನ್ನೂರು ವರ್ಷ ಅದನ್ನು ಹೆಚ್ಚು ಜನ ಹಾಡಲಿಲ್ಲ, ಕಲಿಸಿದ ಗುರುಪರಂಪರೆಯೂ ಉಳಿಯಲಿಲ್ಲ. ಆದರೂ 1894ರಿಂದ ಆಂರಿ ಎಕ್ಸ್‌ಪೇರ್ ಎಂಬ ವಿದ್ವಾಂಸ ಹಳೆಯ ಪುಸ್ತಕಗಳನ್ನು ಕೂಡಿಸಿ ಮತ್ತೆ ಅಚ್ಚು ಹಾಕಿಸತೊಡಗಿದಾಗ ಸ್ವರಗಳು ಕಾಗದದ ಮೇಲೆ ಹಾಗೆಯೇ ಇದ್ದವು. ಜನ ಮತ್ತೆ ಹಾಡಿದರು, ಈಗಲೂ ಹಾಡುತ್ತಿದ್ದಾರೆ. ಕೈಫೋನಿನಲ್ಲಿ ಹುಡುಕಿದರೆ ಸಿಗುತ್ತದೆ. ನಾನು ಕೇಳಿದ್ದೂ ಹಾಗೆಯೇ. ಕಂಠ ಸತ್ತಿತ್ತು, ಕಾಗದ ಉಳಿಸಿತು.

ದೂರದ ದೇಶದ ಮಾತು ಸಾಕು. ಅದೇ ಶತಮಾನದಲ್ಲಿ ನಾವು ನಿಂತಿರುವ ಈ ನೆಲದಲ್ಲಿ ಒಲವಿನ ಹಾಡು ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ನೋಡೋಣ.

1580ರಲ್ಲಿ ದಕ್ಷಿಣದ ಎರಡು ಗದ್ದುಗೆಗಳ ಮೇಲೆ ಇಬ್ಬರು ಹುಡುಗರು ಕುಳಿತರು. ಗೋಲ್ಕೊಂಡದಲ್ಲಿ ಮೊಹಮ್ಮದ್ ಕುಲಿ ಕುತುಬ್ ಶಾಹ, ಬಿಜಾಪುರದಲ್ಲಿ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ. ಮುಂದೆ ಇಬ್ರಾಹೀಮ ಮೊಹಮ್ಮದ್ ಕುಲಿಯ ಸೋದರಿಯನ್ನು ಮದುವೆಯಾದ, ಇಬ್ಬರೂ ಭಾವಮೈದುನರಾದರು. ಇಬ್ಬರಿಗೂ ಹಾಡಿನ ಹುಚ್ಚು. ಇಬ್ಬರೂ ಆಸ್ಥಾನದ ಪಾರಸಿಯಲ್ಲಿ ನಿಲ್ಲದೆ, ಬಜಾರಿನಲ್ಲಿ ಜನ ಆಡುತ್ತಿದ್ದ ದಖನಿಯಲ್ಲಿ ಬರೆದರು. ನಮ್ಮ ಕಡೆಯ ಕನ್ನಡ, ತೆಲುಗು, ಮರಾಠಿಗಳ ನೆರೆಯಲ್ಲಿ ಬೆಳೆದ ಮಾತು ಅದು. ನಾವು ಇವತ್ತಿಗೂ ಈ ಊರಿನ ಆಟೋದವನೊಡನೆ ಆಡುವ ಮಾತಿನ ಅಜ್ಜಿ ಎನ್ನಬಹುದು.

ಮೊಹಮ್ಮದ್ ಕುಲಿ 1591ರಲ್ಲಿ ಈ ಹೈದರಾಬಾದನ್ನು ಕಟ್ಟಿಸಿದವನು, ಚಾರ್‌ಮಿನಾರೂ ಆಗಿನದೇ. ಅವನ ಕವಿತೆಗಳಲ್ಲಿ ಮಳೆಗಾಲವಿದೆ, ವಸಂತದ ಹಬ್ಬವಿದೆ, ಹಣ್ಣು ಹೂವುಗಳಿವೆ, ತಾನು ಒಲಿದ ಹೆಂಗಸರ ವರ್ಣನೆಯಿದೆ. 1612ರಲ್ಲಿ ಅವನು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ಅಣ್ಣತಮ್ಮಂದಿರ ಮಗ, ಅಳಿಯನೂ ಆದವನು, 1616ರಲ್ಲಿ ಆ ಕವಿತೆಗಳನ್ನೆಲ್ಲ ಒಂದು ಕಡೆ ಬರೆಯಿಸಿದ. ಆ ಗ್ರಂಥ ಅಚ್ಚಾಗಿ ಓದುಗರ ಕೈಗೆ ಬಂದದ್ದು 1940ರಲ್ಲಿ, ಇದೇ ಹೈದರಾಬಾದಿನಲ್ಲಿ, ಮೊಹಿಯುದ್ದೀನ್ ಖಾದ್ರಿ ಜೋರ್ ಅವರ ಶ್ರಮದಿಂದ. ಪ್ಯಾರಿಸಿನ ಹಾಡು ಕರ್ತೃ ಬದುಕಿರುವಾಗಲೇ ಅಚ್ಚಾಯಿತು. ನಮ್ಮ ಊರು ಕಟ್ಟಿದವನ ಹಾಡು ಅಚ್ಚಾಗಲು ಮುನ್ನೂರು ವರ್ಷ ಮೀರಿತು.

ಇಬ್ರಾಹೀಮನ ಪುಸ್ತಕಕ್ಕೆ ‘ಕಿತಾಬ್-ಎ-ನೌರಸ್’ ಎಂದು ಹೆಸರು. ನೌರಸ ಎಂದರೆ ನವರಸವೇ. ಅದರಲ್ಲಿ 59 ಹಾಡುಗಳೂ 17 ದೋಹೆಗಳೂ ಇವೆ. ಮುಸಲ್ಮಾನ ಬಾದಶಹ ಬರೆದ ಈ ಪುಸ್ತಕದಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ವರ್ಣನೆಯಿದೆ, ನಮ್ಮ ಗುಲ್ಬರ್ಗದ ಬಂದೇನವಾಜ಼ರ ಸ್ಮರಣೆಯಿದೆ. ಅಗಲಿದವಳ ವಿರಹವಿದೆ, ಪ್ರೀತಿಯ ಆನೆ ಆತಶ್ ಖಾನನಿದ್ದಾನೆ, ‘ಮೋತಿ ಖಾನ್’ ಎಂದು ಹೆಸರಿಟ್ಟು ಸಾಕಿಕೊಂಡ ತಂಬೂರಿಯಿದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಸಂಗೀತಗಾರರಿಗಾಗಿ ಬಿಜಾಪುರದ ಪಕ್ಕದಲ್ಲಿ 1599ರಲ್ಲಿ ನೌರಸಪುರ ಎಂಬ ಊರನ್ನೇ ಕಟ್ಟತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು.

ಊರು ಹೋಯಿತು, ಹಾಡಿನ ಮಾತು ಉಳಿಯಿತು. ಅರಮನೆಯ ಲಿಪಿಕಾರರು ಅಂದವಾಗಿ ಬರೆದ ಹಸ್ತಪ್ರತಿಗಳು ಇದ್ದವು, 1956ರಲ್ಲಿ ನಜ಼ೀರ್ ಅಹಮದ್ ಎಂಬ ವಿದ್ವಾಂಸರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಒಂದೊಂದು ಹಾಡಿನ ತಲೆಯ ಮೇಲೆ ರಾಗದ ಹೆಸರೂ ಇದೆ: ಭೂಪಾಳಿ, ಕೇದಾರ, ತೋಡಿ, ಮಲ್ಹಾರ, ಕಲ್ಯಾಣ ಎಂದು. ಆದರೆ ಬಾದಶಹ ಅದನ್ನು ಹಾಡಿದ ಧಾಟಿ ಯಾವುದು? ಅದು ಕಾಗದದ ಮೇಲೆ ಇಲ್ಲ. ರಾಗದ ಹೆಸರು ಹೇಳಿದರೆ ಬೀದಿಯ ಹೆಸರು ಹೇಳಿದಂತಾಯಿತು, ಮನೆಯ ನಂಬರು ಹೇಳಿದಂತಾಗಲಿಲ್ಲ. ದಾಸರ ಪದಗಳಿಗೂ ಇದೇ ಗತಿ. ಸಾಹಿತ್ಯ ನೂರಾರು ಬಾಯಿಗಳಲ್ಲಿ ಬದುಕಿತು. ಧಾಟಿ ಮಾತ್ರ ಹಾಡಿದವರ ಜೊತೆಗೆ ಬದಲಾಗುತ್ತಲೇ ಬಂತು. ಇಲ್ಲಿ ಕಾಗದ ಉಳಿಯಿತು, ಕಂಠ ಹೋಯಿತು. ಫ್ರಾನ್ಸಿನವರು ಸ್ವರವನ್ನೂ ಬರೆದಿಟ್ಟಿದ್ದರು, ನಾವು ಮಾತನ್ನಷ್ಟೇ ಬರೆದೆವು.

ಮೂರನೆಯ ಉದಾಹರಣೆ ಕ್ಷೇತ್ರಯ್ಯನದು. ಹದಿನೇಳನೆಯ ಶತಮಾನದ ತೆಲುಗು ಪದಕರ್ತ, ಕೃಷ್ಣಾ ಜಿಲ್ಲೆಯ ಮುವ್ವದ ಗೋಪಾಲನೇ ಅವನ ಅಂಕಿತ. ತಾನು ಗೋಲ್ಕೊಂಡದ ಬಾದಶಹನ ಮುಂದೆ 1500 ಪದಗಳನ್ನು ಕಟ್ಟಿ ಹಾಡಿದೆನೆಂದು ಅವನ ಹೆಸರಿನ ಒಂದು ಪದವೇ ಹೇಳುತ್ತದೆ. ಇಂದು ನಮಗೆ ದಕ್ಕಿರುವುದು ಎಲ್ಲ ಸೇರಿ ಕೆಲವು ನೂರು. ನಾಯಿಕೆ ತನ್ನ ಗೋಪಾಲನೊಡನೆ ಜಗಳವಾಡುವ, ಬಾಗಿಲು ಹಾಕಿಕೊಳ್ಳುವ, ಮತ್ತೆ ತೆರೆಯುವ ಪದಗಳು ಅವು.

ಈ ಪದವನ್ನು ಫ್ರಾನ್ಸಿನ ಹಾಡಿನ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಒಂದು ಸಂಗತಿ ಹೊಳೆಯಿತು. ಅಲ್ಲಿ ಒಂದು ಮಾತನ್ನು ನಾಲ್ವರು ಕೂಡಿ ಹಾಡುತ್ತಾರೆ. ಇಲ್ಲಿ ಒಂದು ಮಾತನ್ನು ಒಬ್ಬಳೇ ಮತ್ತೆ ಮತ್ತೆ ಹಾಡುತ್ತಾಳೆ. ‘ಹೋಗಿ ಬಾ’ ಎಂಬಂಥ ಸರಳ ಮಾತನ್ನು ಒಮ್ಮೆ ಸಿಟ್ಟಿನಿಂದ, ಒಮ್ಮೆ ಅಣಕದಿಂದ, ಒಮ್ಮೆ ಅಳುವನ್ನು ನುಂಗಿಕೊಂಡು ಹಾಡುತ್ತಾಳೆ, ಅಭಿನಯಿಸುತ್ತಾಳೆ. ಅವರು ಅಗಲಕ್ಕೆ ಹರಡಿದ್ದನ್ನು ನಮ್ಮವರು ಉದ್ದಕ್ಕೆ ಹರಡಿದರು. ಒಲವಿಗೆ ಒಂದೇ ದನಿ ಸಾಲದು ಎಂಬುದು ಇಬ್ಬರಿಗೂ ಗೊತ್ತಿತ್ತು. ಹೆಚ್ಚು ಕಡಿಮೆ ಎಂಬ ಪ್ರಶ್ನೆ ಇಲ್ಲಿಲ್ಲ.

ಕ್ಷೇತ್ರಯ್ಯನ ಪದಗಳ ಧಾಟಿ ನಮಗೆ ಬಂದದ್ದು ಹೇಗೆ? ಮುಖ್ಯವಾಗಿ ದೇವಾಲಯ, ಅರಮನೆಗಳಲ್ಲಿ ಹಾಡಿ ಕುಣಿಯುತ್ತಿದ್ದ ಕಲಾವಂತ ಮನೆತನಗಳ ಹೆಂಗಸರ ಕಂಠದಿಂದ. ಅಜ್ಜಿ ಮೊಮ್ಮಗಳಿಗೆ ಹೇಳಿಕೊಟ್ಟಳು. ಆ ಪದ್ಧತಿಯಲ್ಲಿ ಹೆಣ್ಣಿಗೆ ಆಗುತ್ತಿದ್ದ ಅನ್ಯಾಯವನ್ನು ನಿಲ್ಲಿಸಬೇಕಾದದ್ದೇ. ಮದ್ರಾಸಿನಲ್ಲಿ 1947ರಲ್ಲಿ ಕಾನೂನಾದದ್ದು ಸರಿಯೇ. ಆದರೆ ಸಭ್ಯರು ಅಷ್ಟಕ್ಕೆ ನಿಲ್ಲದೆ ಆ ಹೆಂಗಸರು ಹಾಡುತ್ತಿದ್ದ ಹಾಡನ್ನೂ ಮೈಲಿಗೆ ಎಂದು ದೂರವಿಟ್ಟರು. ಶೃಂಗಾರದ ಪದವನ್ನು ಸಭೆಯಲ್ಲಿ ಹಾಡಬಾರದು ಎಂದವರೂ ಇದ್ದರು. ವೀಣಾ ಧನಮ್ಮಾಳ್ (1867–1938) ಎಂಬ ಮಹಾತಾಯಿ, ಆಕೆಯ ಮೊಮ್ಮಕ್ಕಳಾದ ಬೃಂದಾ, ಮುಕ್ತಾ, ಬಾಲಸರಸ್ವತಿ ಆ ಪದಗಳನ್ನು ಬಿಡದೆ ಹಿಡಿದುಕೊಂಡದ್ದರಿಂದ ಇಂದು ನಾವು ಕೇಳುತ್ತಿದ್ದೇವೆ. ಇಲ್ಲಿ ಕಂಠವೇ ಹಾಡನ್ನು ಉಳಿಸಿತು. ಹಿಡಿದಿಡುವ ಕಂಠ ಸಿಗದ ಪದಗಳು ಹೋದವು.

ಮೂರು ಬಗೆಯನ್ನು ಹೇಳಿದೆ: ಕಾಗದದ ಮೇಲೆ ಸ್ವರ, ಕಾಗದದ ಮೇಲೆ ಬರಿಯ ಮಾತು, ಕಾಗದವೇ ಇಲ್ಲದ ಕಂಠ. ಇವೆಲ್ಲ ರಾಜರ, ವಿದ್ವಾಂಸರ, ವೃತ್ತಿಗಾಯಕರ ಹಾಡಾಯಿತು. ರೊಟ್ಟಿ ಬಡಿಯುವವರ, ಬೀಸುವವರ, ಕುಟ್ಟುವವರ ಹಾಡು? ಅದಕ್ಕೆ ಲಿಪಿಕಾರರಿರಲಿಲ್ಲ. ಇಬ್ರಾಹೀಮನ ಬಿಜಾಪುರದ ಸೀಮೆಯಲ್ಲಿಯೇ ಹಲಸಂಗಿ ಎಂಬ ಹಳ್ಳಿಯಿದೆ. ಅಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸೇರಿ ಹೆಂಗಸರ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಹಳ್ಳಿಯ ಹೆಂಗಸು ಗಂಡನ ಮೇಲಿನ ಒಲವನ್ನು ಎಷ್ಟು ಘನವಾಗಿ ಹೇಳಬಲ್ಲಳು ಎಂಬುದು ಆಗ ಓದುಬರಹ ಬಲ್ಲವರಿಗೆ ತಿಳಿಯಿತು. ಆ ಪುಸ್ತಕ ನಮ್ಮ ಬೀರುವಿನಲ್ಲಿದೆ. ಓದದಿದ್ದವರು ಒಯ್ಯಬೇಕು, ಓದಿ ಮರಳಿ ತರಬೇಕು.

ಇನ್ನು ಮೊದಲು ಹೇಳಿದ ಕಾರಣ. ಇದು ನನ್ನ ಮನೆಯ ಮಾತು, ಚಿಕ್ಕದಾಗಿ ಹೇಳುತ್ತೇನೆ.

ನಮ್ಮದು ಮಾನ್ವಿ ತಾಲೂಕು. 1956ರವರೆಗೆ ನಮ್ಮ ರಾಯಚೂರು, ಗುಲ್ಬರ್ಗ, ಬೀದರ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು ಎಂಬುದು ತಮಗೆ ಗೊತ್ತು. ನಮ್ಮ ಅಜ್ಜ ಬರ ಬಿದ್ದಾಗಲೆಲ್ಲ ಕೂಲಿಗೆಂದು ಇದೇ ಊರಿಗೆ ಬರುತ್ತಿದ್ದನಂತೆ. ಬಂದರೆ ಐದಾರು ತಿಂಗಳು ಸುದ್ದಿಯಿಲ್ಲ. ಅಜ್ಜಿ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ, ಅಜ್ಜ ತೀರಿಕೊಂಡ ಮೇಲೂ, ಬೇಳೆ ಒಡೆಯುವ ನೆವದಿಂದ ಕಲ್ಲನ್ನು ಬಿಡಲಿಲ್ಲ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಕನ್ನಡ ಮೇಷ್ಟರು ಜಾನಪದ ಹಾಡು ಬರೆದುಕೊಂಡು ಬನ್ನಿ ಎಂದರು. ಅಜ್ಜಿಯ ಮುಂದೆ ಕುಳಿತು ಹನ್ನೊಂದು ಹಾಡು ಬರೆದುಕೊಂಡೆ. ಅಜ್ಜಿ ಹಾಡಲು ತೊಡಗಿದರೆ, ‘ರಾಗ ಬ್ಯಾಡ ಅಜ್ಜಿ, ಬರೆ ಮಾತು ಹೇಳು, ಬರಕೊಳ್ಳಾಕ ಆಗೂದಿಲ್ಲ’ ಎಂದು ಅವಸರ ಮಾಡಿದ್ದು ಇಂದಿಗೂ ನೆನಪಿದೆ. ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂದವು. ಮುಂದಿನ ವರ್ಷ ಅಜ್ಜಿ ತೀರಿಕೊಂಡಳು.

ಆ ನೋಟುಪುಸ್ತಕ ನನ್ನ ಟ್ರಂಕಿನಲ್ಲಿದೆ. ನೌರಸದ ಹಾಡಿಗೆ ಧಾಟಿ ಕಳೆದುಹೋಯಿತೆಂದು ಓದಿದ ರಾತ್ರಿ ಅದನ್ನು ತೆಗೆದು ನೋಡಿದೆ. ಹನ್ನೊಂದು ಹಾಡಿನ ಮಾತುಗಳೂ ಇದ್ದವು. ಒಂದನ್ನಾದರೂ ಹಾಡಲು ನನಗೆ ಬರಲಿಲ್ಲ. ನನ್ನ ಪುಸ್ತಕದಲ್ಲಿ ರಾಗದ ಹೆಸರು ಕೂಡ ಇರಲಿಲ್ಲ.

ಯುಗಾದಿಗೆ ಊರಿಗೆ ಹೋದಾಗ ಅಕ್ಕನನ್ನು ಕೇಳಿದೆ. ಚಿಕ್ಕಂದಿನಲ್ಲಿ ಕಲ್ಲಿನ ಗೂಟಕ್ಕೆ ಇನ್ನೊಂದು ಕೈ ಕೊಡುತ್ತಿದ್ದವಳು ಅವಳೇ. ಅಕ್ಕ ಒಪ್ಪಲಿಲ್ಲ. ‘ಏ ತಮ್ಮಾ, ಗಂಡನ ಹಾದಿ ಕಾಯೂ ಹಾಡು. ಮಾವ, ಮೈದುನರು ಕುಂತಿರುವಾಗ ನಾಕ ಮಂದಿ ಮುಂದ ಹಾಡ್ತಾರೇನು?’ ಎಂದಳು. ಸಭ್ಯರು ಕ್ಷೇತ್ರಯ್ಯನ ಪದಕ್ಕೆ ಹೇಳಿದ್ದನ್ನೇ ನನ್ನ ಅಕ್ಕ ಅಜ್ಜಿಯ ಹಾಡಿಗೆ ಹೇಳಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಮರುದಿನ ನಸುಕಿನಲ್ಲಿ ಮನೆಯವರು ಏಳುವ ಮೊದಲು ಅಡಿಗೆಮನೆಗೆ ಕರೆದಳು. ನಾನು ಸಾಲು ಓದಿದೆ, ಅವಳು ಒಲೆಯ ಕಡೆ ಮುಖ ಮಾಡಿ ಮೆಲ್ಲಗೆ ಹಾಡಿದಳು. ಹನ್ನೊಂದರಲ್ಲಿ ಅವಳಿಗೆ ನೆನಪಿದ್ದುದು ಎರಡರ ಧಾಟಿ. ಮೂರನೆಯದನ್ನು ಎತ್ತಿಕೊಂಡು ಅರ್ಧಕ್ಕೆ ನಿಲ್ಲಿಸಿ, ‘ಮುಂದಿಂದು ಚಿಕ್ಕವ್ವಗ ಬರ್ತಿತ್ತು’ ಎಂದಳು. ಚಿಕ್ಕವ್ವ ಹೋಗಿ ನಾಲ್ಕು ವರ್ಷವಾಯಿತು.

ಮಾತು ನನ್ನ ಹತ್ತಿರ ಇತ್ತು, ಧಾಟಿ ಅಕ್ಕನ ಹತ್ತಿರ ಇತ್ತು, ಉಳಿದದ್ದು ಚಿಕ್ಕವ್ವನ ಜೊತೆಗೆ ಹೋಯಿತು. ನಾಲ್ಕು ಪುಸ್ತಕದ ಹಾಡು ಎಂದು ನಾನು ಓದಿದ್ದು ಫ್ರಾನ್ಸಿನ ವಿಷಯ. ನಮ್ಮ ಮನೆಯಲ್ಲಿಯೂ ಅಂಥದೊಂದು ಇತ್ತು, ನಮಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆ ಎರಡು ಹಾಡುಗಳಲ್ಲಿ ಒಂದು, ಪಟ್ಟಣಕ್ಕೆ ದುಡಿಯಲು ಹೋಗಿ ಹಬ್ಬಕ್ಕೂ ಬಾರದ ಗಂಡನ ಮೇಲೆ. ಅಕ್ಕ ಅದನ್ನು ಹಾಡುವಾಗ ನಾನು ಅಜ್ಜನನ್ನು ನೆನೆದೆ. ಆಮೇಲೆ ನನ್ನನ್ನೇ ನೆನೆದೆ. ಈ ಕೋಣೆಯಲ್ಲಿ ಕುಳಿತಿರುವ ನಾವು ಬಹಳ ಜನ ಅದೇ ಕೆಲಸಕ್ಕೆ ಈ ಊರಿಗೆ ಬಂದವರು. ಹೆಂಡಿರನ್ನು, ತಾಯಂದಿರನ್ನು ಊರಿನಲ್ಲಿ ಬಿಟ್ಟು ಬಂದವರಿದ್ದೇವೆ. ಆ ಹಾಡುಗಳಲ್ಲಿ ಬಾರದೆ ಉಳಿದವನು ಯಾರು ಎಂದರೆ ನಾವೇ. ನಮ್ಮನ್ನು ಕುರಿತು ಕಟ್ಟಿದ ಹಾಡು ನಮಗೆ ಕೇಳಿಸುವ ಮೊದಲೇ ಕಳೆದುಹೋಗುತ್ತಿದೆ.

ಆದ್ದರಿಂದ ಸಂಘದ ಅಪ್ಪಣೆ ಪಡೆದು ಒಂದು ಬಿನ್ನಹ. ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ದಪ್ಪ ನೋಟುಪುಸ್ತಕ ಇರುತ್ತದೆ. ಊರಿಗೆ ಹೋಗಿ ಬರುವವರು ತಮ್ಮ ಮನೆಯ ಹೆಂಗಸರಿಗೆ ಬರುವ ಒಂದು ಹಾಡನ್ನಾದರೂ ಅದರಲ್ಲಿ ಬರೆಯಬೇಕು. ಯಾರಿಂದ ಕೇಳಿದ್ದು, ಯಾವ ಕೆಲಸದ ಹೊತ್ತಿನ ಹಾಡು, ಯಾವ ಊರು ಎಂಬುದನ್ನೂ ಬರೆಯಬೇಕು. ಸ್ವರ ಹಾಕಲು ನಮಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಈಗ ಎಲ್ಲರ ಜೇಬಿನಲ್ಲೂ ಫೋನು ಇದೆ. ಹಾಡುವವರ ಒಪ್ಪಿಗೆ ಕೇಳಿ ಅವರ ಕಂಠವನ್ನೂ ಅದರಲ್ಲಿ ಹಿಡಿದು ತನ್ನಿ. ಒಪ್ಪದಿದ್ದರೆ ಬಲವಂತ ಬೇಡ. ನಸುಕಿನವರೆಗೆ ಕಾದು ನೋಡಿ. ಮುಖ್ಯವಾಗಿ ನಾನು ಅಜ್ಜಿಗೆ ಹೇಳಿದ ಮಾತನ್ನು ನೀವು ಯಾರಿಗೂ ಹೇಳಬೇಡಿ. ಅವರು ಹಾಡಲು ತೊಡಗಿದರೆ ಪೆನ್ನು ಕೆಳಗಿಟ್ಟು ಕೇಳಿ.

ಪುಸ್ತಕದ ಮೊದಲ ಎರಡು ಪುಟಗಳಲ್ಲಿ ಅಕ್ಕ ಹಾಡಿದ ಎರಡು ಹಾಡು ಬರೆದಿದ್ದೇನೆ. ಮೂರನೆಯದನ್ನೂ ಅರ್ಧ ಧಾಟಿಯೊಡನೆ ಸೇರಿಸಿದ್ದೇನೆ. ಮಾನ್ವಿ, ಸಿಂಧನೂರು, ದೇವದುರ್ಗದ ಕಡೆಯವರು ಯಾರಾದರೂ ಇಲ್ಲಿದ್ದರೆ, ಕೂಟ ಮುಗಿದ ಮೇಲೆ ದಯವಿಟ್ಟು ಒಂದು ನಿಮಿಷ ನಿಂತು ಕೇಳಬೇಕು. ಉಳಿದ ಅರ್ಧ ತಮ್ಮ ಮನೆಯಲ್ಲಿ ಯಾರಿಗಾದರೂ ಬರುತ್ತಿರಬಹುದು.